ಹಾಡಬಾರದೆಂದು ಠರಾವಾಗಿದ್ದ ಖಜಾಂಚಿ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬಳಸಿಕೊಂಡದ್ದಕ್ಕೆ ರಸೀದಿ ಎಲ್ಲಿ ಎಂದು ಕೇಳುವ ಮನುಷ್ಯ. ಕೇಳಲು ಈಗ ಅವರಿಲ್ಲ, ತೀರಿಕೊಂಡು ಎರಡು ತಿಂಗಳಾಯಿತು. ಆದರೂ ಇಪ್ಪತ್ತಾರು ವರ್ಷದ ಭಯ ಅಷ್ಟು ಬೇಗ ಹೋಗುವಂಥದ್ದಲ್ಲ. ನಮ್ಮ ಭಜನಾ ಮಂಡಳಿಯಲ್ಲಿ ಅವರನ್ನು ಎಲ್ಲರೂ ಖಜಾಂಚಿಗಳು ಎಂದೇ ಕರೆಯುತ್ತಿದ್ದೆವು. ಮನೆಗೆ ಹೋದರೆ ಅವರ ಹೆಂಡತಿ ಕೂಡ, “ಖಜಾಂಚಿಗಳು ಸ್ನಾನಕ್ಕೆ ಹೋಗವ್ರೆ, ಕೂತ್ಕೊಳ್ಳಿ ಮೇಷ್ಟ್ರೇ” ಎನ್ನುತ್ತಿದ್ದರು. ಆ ಮಾತಿನಲ್ಲಿ ಅರ್ಧ ಗೌರವವಿತ್ತು, ಇನ್ನರ್ಧ ಏನಿತ್ತೆಂದು ಮದುವೆಯಾದವರು ಊಹಿಸಿಕೊಳ್ಳಬಹುದು.

ನಮ್ಮದು ಶಿಡ್ಲಘಟ್ಟದ ಮಂಡಳಿ. ಪ್ರತಿ ಶನಿವಾರ ಸಂಜೆ ಆರೂವರೆಗೆ ಆಂಜನೇಯನ ಗುಡಿಯ ಹಿಂದಿನ ಕೋಣೆಯಲ್ಲಿ ಹದಿನೈದಿಪ್ಪತ್ತು ಜನ ಸೇರುತ್ತೇವೆ. ಪಕ್ಕದ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಿರುವುದರಿಂದ ಬೇಯುವ ಗೂಡಿನ ವಾಸನೆ ಕೋಣೆಯೊಳಕ್ಕೆ ಬಂದು ನಮಗಿಂತ ಮುಂಚೆ ಕೂತಿರುತ್ತದೆ. ಹೊಸಬರು ಮೊದಲ ವಾರ ಮೂಗು ಮುಚ್ಚಿಕೊಂಡು ಹಾಡುತ್ತಾರೆ. ನಾಲ್ಕನೇ ವಾರಕ್ಕೆ ಆ ವಾಸನೆ ಇಲ್ಲದಿದ್ದರೆ ಭಕ್ತಿಯೇ ಬರುವುದಿಲ್ಲ ಎನ್ನುತ್ತಾರೆ. ಮುಂದಾಳಾಗಿ ಹಾಡುವವರು ಸರೋಜಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಸೂಜಿ ಚುಚ್ಚಿದಷ್ಟು ನಿಖರವಾಗಿ ಸ್ವರ ಹಿಡಿಯುವವರು, ನೋವೂ ಸುಮಾರಾಗಿ ಅಷ್ಟೇ ಕೊಡುವವರು. ತಬಲ ಹಿಟ್ಟಿನ ಗಿರಣಿ ನಂಜುಂಡಪ್ಪನವರದು. ಹಾರ್ಮೋನಿಯಂ ನನ್ನದು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದವನಾದ್ದರಿಂದ ಠರಾವು ಪುಸ್ತಕ ಬರೆಯುವ ಕೆಲಸವೂ ನನಗೇ ಬಿತ್ತು. ಆ ಪುಸ್ತಕದಲ್ಲಿ ನಾನು ಬರೆದ ಒಂದು ಠರಾವಿನ ಸಲುವಾಗಿಯೇ ಈ ಬರಹ.

ಮಂಡಳಿಯ ಅರ್ಥವ್ಯವಸ್ಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಖರ್ಚು ಯಾವಾಗಲೂ ಇತ್ತು: ಜಮಖಾನ, ತಬಲಕ್ಕೆ ಹೊಸ ಚರ್ಮ, ಹೊರಗೆ ಹಾಡಲು ಕರೆದರೆ ಟೆಂಪೋ ಬಾಡಿಗೆ. ಆದಾಯ ಮೂರು ಕಡೆಯಿಂದ. ತಿಂಗಳ ಚಂದಾ, ಮಂಗಳಾರತಿ ತಟ್ಟೆಯ ಚಿಲ್ಲರೆ, ಮತ್ತು ದಂಡ. ಅಪಸ್ವರಕ್ಕೆ ಎರಡು ರೂಪಾಯಿ. ಯಾರದು ಅಪಸ್ವರ ಎಂದು ತೀರ್ಮಾನಿಸುವವರು ಸರೋಜಮ್ಮ, ಮೇಲ್ಮನವಿಗೆ ಅವಕಾಶವಿಲ್ಲ. ಹಾಡು ಮುಗಿದ ಕೂಡಲೇ ಅವರು ಬೆರಳು ತೋರಿಸುತ್ತಿದ್ದರು, ತೋರಿಸಿಕೊಂಡವರು ಎದ್ದು ಹೋಗಿ ಹಾಲಿನ ಪುಡಿಯ ಹಳೇ ಡಬ್ಬಿಯಲ್ಲಿ ನಾಣ್ಯ ಹಾಕುತ್ತಿದ್ದರು. ಲೋಕದಲ್ಲಿ ಎಷ್ಟೋ ಸಂಘಗಳು ದಾನಿಗಳಿಂದ ನಡೆಯುತ್ತವೆ. ನಮ್ಮದು ತಪ್ಪಿತಸ್ಥರಿಂದ ನಡೆಯಿತು.

ಆ ತಪ್ಪಿತಸ್ಥರಲ್ಲಿ ಅಗ್ರಗಣ್ಯರಾಗಿ ಬಂದವರು, ಮುಂದೆ ಖಜಾಂಚಿಗಳಾದ ಇವರು. ಗೂಡಿನ ಮಾರುಕಟ್ಟೆಯಲ್ಲಿ ತೂಕದ ಗುಮಾಸ್ತರು. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಿವಿಯ ಮೇಲೆ ಮೂರನೆಯದು. ಊರು ಆಂಧ್ರದ ಗಡಿಗೆ ಹತ್ತಿರದ ದಿಬ್ಬೂರಹಳ್ಳಿ ಕಡೆ. ದುಡ್ಡು ಎಣಿಸುವುದು ತೆಲುಗಿನಲ್ಲಿ, ಬರೆಯುವುದು ಕನ್ನಡದಲ್ಲಿ. “ಒಕಟಿ, ರೆಂಡು, ಮೂಡು” ಎಂದು ಎಣಿಸಿ ಮುಗಿಸಿ, ಗಂಟಲು ಸರಿಮಾಡಿಕೊಂಡು, “ಒಟ್ಟು ನಲವತ್ತೆರಡು” ಎಂದು ಘೋಷಿಸುವಾಗ ಗಡಿ ದಾಟಿ ಬಂದವರ ಹಾಗೆ ಕಾಣುತ್ತಿದ್ದರು.

ಅವರ ಕಂಠ ಅದ್ಭುತವಾಗಿತ್ತು. ಅದೇ ತೊಂದರೆ. ಸಣ್ಣ ದನಿಯ ಅಪಸ್ವರವನ್ನು ಹತ್ತು ಜನ ಸೇರಿ ಮುಚ್ಚಬಹುದು; ಇವರದು ಮಾರುಕಟ್ಟೆಯ ಈ ಗೋಡೆಯಿಂದ ಆ ಗೋಡೆಗೆ ತೂಕಕ್ಕೆ ಬಂದ ಗೂಡಿನ ಲಾಟಿನ ನಂಬರು ಮುಟ್ಟಿಸುವ ದನಿ. ಶ್ರುತಿ ಎಂಬುದೊಂದು ಇದೆ ಎಂಬುದನ್ನು ಅವರು ಅಲ್ಲಗಳೆಯುತ್ತಿರಲಿಲ್ಲ, ಪರಿಚಯವಿರಲಿಲ್ಲ ಅಷ್ಟೆ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತ ಅವರ ತಾಯಿ ಹಾಡುತ್ತಿದ್ದ ತೆಲುಗು ದೇವರನಾಮವೊಂದು ಅವರಿಗೆ ಪೂರ್ತಿ ಬಾಯಿಪಾಠವಿತ್ತು. ಹುಳು ಸಾಕುವ ಬಿದಿರಿನ ತಟ್ಟೆಗಳ ನಡುವೆ, ಸಾವಿರಾರು ಹುಳ ಸೊಪ್ಪು ಮೇಯುವ ಸದ್ದನ್ನೇ ಶ್ರುತಿಯೆಂದುಕೊಂಡು ಕಲಿತ ಹಾಡು. ಆ ಸದ್ದಿನಲ್ಲಿ ಸ ಎಲ್ಲಿದೆ, ಪ ಎಲ್ಲಿದೆ ಎಂದು ಹುಡುಕಲಾದೀತೇ?

ಸೇರಿದ ಮೂರನೇ ತಿಂಗಳಿಗೆ ದಂಡದ ಅರ್ಧ ಭಾಗ ಅವರೊಬ್ಬರಿಂದಲೇ ಬರುತ್ತಿತ್ತು. ಹರ್ಷಚಿತ್ತರಾಗಿ ಕೊಡುತ್ತಿದ್ದರು. ಸರೋಜಮ್ಮ ಬೆರಳೆತ್ತುವ ಮೊದಲೇ ಜೇಬಿಗೆ ಕೈ ಹಾಕುತ್ತಿದ್ದರು. ಆದರೆ ಉಳಿದವರಲ್ಲಿ ಕೆಲವರು ಬರುವುದನ್ನು ನಿಲ್ಲಿಸಿದರು. ಕೊನೆಗೊಂದು ಶನಿವಾರ ಸರೋಜಮ್ಮ ನನ್ನನ್ನೂ ನಂಜುಂಡಪ್ಪನವರನ್ನೂ ಗುಡಿಯ ಹೊರಗೆ ಕರೆದರು.

“ನೋಡಿ ಮೇಷ್ಟ್ರೇ, ಒಂದೋ ಅವ್ರು ಹಾಡ್ಬೇಕು, ಇಲ್ಲಾ ನಾನು ಹಾಡ್ಬೇಕು. ಆಸ್ಪತ್ರೇಲಿ ಇಷ್ಟು ವರ್ಷ ಕೂಗಾಟ ಕೇಳಿದೀನಿ, ಹೆದರಿದೋಳಲ್ಲ. ಇದು ಬೇರೆ.”

“ಹೋಗಪ್ಪ ಅನ್ನಕ್ಕಾಗುತ್ತಾ? ಒಳ್ಳೇ ಮನುಷ್ಯ” ಎಂದರು ನಂಜುಂಡಪ್ಪ.

“ನಾನೂ ಅದೇ ಹೇಳ್ತಿರೋದು. ಕೆಟ್ಟೋರಾಗಿದ್ರೆ ಎಷ್ಟು ಸುಲಭವಾಗ್ತಿತ್ತು!”

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ರಾಜ್ಯಶಾಸ್ತ್ರ ಪಾಠ ಮಾಡಿದವನಲ್ಲವೇ, ತೊಂದರೆ ಕೊಡುವವರಿಗೆ ಅಧಿಕಾರ ಕೊಟ್ಟು ಸುಮ್ಮನಾಗಿಸುವುದು ಗೊತ್ತಿತ್ತು. ಮುಂದಿನ ವಾರ ಅವರನ್ನು ಸರ್ವಾನುಮತದಿಂದ ಖಜಾಂಚಿಯನ್ನಾಗಿ ಆರಿಸಿದೆವು. ಜೊತೆಗೆ ಠರಾವು ಪುಸ್ತಕದಲ್ಲಿ ನಾನು ನನ್ನ ದುಂಡು ಅಕ್ಷರದಲ್ಲಿ ಹೀಗೆ ಬರೆದೆ: “ಹಣದ ಪೆಟ್ಟಿಗೆಯ ಮೇಲಿನ ಗಮನ ತಪ್ಪಬಾರದಾದ್ದರಿಂದ, ಮಂಡಳಿಯ ಖಜಾಂಚಿಯಾದವರು ಆ ಸ್ಥಾನದಲ್ಲಿರುವವರೆಗೆ ಭಜನೆಯಲ್ಲಿ ಹಾಡತಕ್ಕದ್ದಲ್ಲ.”

ಅದನ್ನು ಎಲ್ಲರೆದುರು ಓದಿ ಹೇಳಿದೆ. ಅವರು ತಲೆ ಬಗ್ಗಿಸಿ ಪೂರ್ತಿ ಕೇಳಿದರು.

“ಇನ್ನೊಂದ್ಸಲ ಓದಿ ಮೇಷ್ಟ್ರೇ.”

ಓದಿದೆ.

“ಸರಿಯಾಗೇ ಇದೆ. ಮಾರ್ಕೆಟ್‌ನಲ್ಲೂ ಅಷ್ಟೇ, ತೂಕ ಹಾಕೋನು ಹರಾಜು ಕೂಗಂಗಿಲ್ಲ” ಎಂದು ಹೇಳಿ ಸಹಿ ಮಾಡಿದರು. ಬಾಗಿಲ ಪಕ್ಕದ ಕಂಬಕ್ಕೊರಗಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆ ಜಾಗ ಇಪ್ಪತ್ತಾರು ವರ್ಷ ಅವರದಾಯಿತು. ಮಂಡಳಿಯ ಮುಖ್ಯ ಆದಾಯದ ಮೂಲವನ್ನು ನಮ್ಮ ಕೈಯಾರೆ ಮುಚ್ಚಿದೆವು ಎಂಬುದು ಮರುತಿಂಗಳು ಲೆಕ್ಕ ನೋಡಿದಾಗಲೇ ನಮಗೆ ತಿಳಿದದ್ದು.

ಖಜಾಂಚಿಯಾಗಿ ಅವರು ಮಾಡಿದ ಮೊದಲ ಕೆಲಸ ರಸೀದಿ ಪುಸ್ತಕ ಅಚ್ಚು ಹಾಕಿಸಿದ್ದು. “ಬಾಯಿಲೆಕ್ಕ ಬಾಯಲ್ಲೇ ಕರಗೋಗುತ್ತೆ” ಎನ್ನುವುದು ಅವರ ಸಿದ್ಧಾಂತ. ಎರಡು ರೂಪಾಯಿ ದಂಡಕ್ಕೂ ರಸೀದಿ, ಯಾರೋ ತಂದುಕೊಟ್ಟ ಬಾಳೆಹಣ್ಣಿಗೂ ರಸೀದಿ. ಆರತಿ ತಟ್ಟೆಗೆ ಬಿದ್ದ ನಾಣ್ಯಗಳಿಗೆ ಕೊಡುವವರು ಗೊತ್ತಾಗುವುದಿಲ್ಲವಲ್ಲ, ಆ ರಸೀದಿಯನ್ನು ಆಂಜನೇಯನ ಹೆಸರಿಗೆ ಹರಿದು ಅವನ ಪಾದದ ಹತ್ತಿರ ಇಟ್ಟುಬಿಡುತ್ತಿದ್ದರು. ಪೂಜಾರಿ ಗುಡಿಸಿ ಹಾಕಿದರೆ, “ಸ್ವಾಮಿ ನೋಡಿದ್ನೋ ಇಲ್ವೋ, ಅಷ್ಟರಲ್ಲಿ ಎತ್ತಿಬಿಟ್ಟೆಯಲ್ಲಪ್ಪಾ” ಎಂದು ನೊಂದುಕೊಳ್ಳುತ್ತಿದ್ದರು.

ಸಾವಿನ ಮನೆಯಲ್ಲಿ ಹಾಡಿದರೆ ಬಿಡಿಗಾಸನ್ನೂ ಮುಟ್ಟಬಾರದು ಎಂಬುದು ಮಂಡಳಿಯ ಹಳೆಯ ಕಟ್ಟಳೆ. ಒಮ್ಮೆ ಗೌರಿಬಿದನೂರಿನ ಆಚೆ ನಗರಗೆರೆಯ ಹತ್ತಿರದ ಒಂದು ಮನೆಗೆ ಹನ್ನೊಂದನೇ ದಿನದ ಭಜನೆಗೆ ಹೋಗಿದ್ದೆವು. ಜಮೀನುಳ್ಳ ಮನೆ. ಬೇಡ ಬೇಡವೆಂದರೂ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಯಾರೋ ಒಂದು ಲಕೋಟೆ ತುರುಕಿದ್ದರು. ಶಿಡ್ಲಘಟ್ಟಕ್ಕೆ ಬಂದ ಮೇಲೆ ಕಂಡಿತು. ನಂಜುಂಡಪ್ಪ, “ದೇವ್ರೇ ಕೊಟ್ಟಿರೋದು, ಬಿಡಿ” ಎಂದರು. ಖಜಾಂಚಿಗಳು ಮಾರನೇ ದಿನ ರಜ ಹಾಕಿ ಎರಡು ಬಸ್ಸು ಬದಲಾಯಿಸಿ ಹೋಗಿ ಲಕೋಟೆ ವಾಪಸ್ಸು ಕೊಟ್ಟು, ಕೊಟ್ಟದ್ದಕ್ಕೆ ಆ ಮನೆಯವರ ಕೈಯಲ್ಲಿ ಸಹಿ ಹಾಕಿಸಿಕೊಂಡು ಬಂದರು. ಬಸ್ ಚಾರ್ಜು ಮಂಡಳಿಯಿಂದ ತೆಗೆದುಕೊಳ್ಳಲಿಲ್ಲ. “ಲಕೋಟೆ ನೋಡ್ದೇ ಪೆಟ್ಟಿಗೆ ಮುಚ್ಚಿದ್ದು ನನ್ನ ತಪ್ಪು” ಎಂದು ತಮಗೆ ತಾವೇ ದಂಡ ಬೇರೆ ಹಾಕಿಕೊಂಡರು.

ಅವರ ಆಡಳಿತ ಪ್ರತಿಭೆ ಪೂರ್ಣವಾಗಿ ಅರಳಿದ್ದು ಹಾರ್ಮೋನಿಯಂ ಕೆಟ್ಟಾಗ. ಇಲಿಯೊಂದು ಗಾಳಿತಿದಿಯ ಚರ್ಮವನ್ನು ತಿಂದು, ರೀಡುಗಳ ನಡುವೆ ಸಂಸಾರ ಹೂಡಿತ್ತು. ರಿಪೇರಿಯವನು ಕೈಯಾಡಿಸಿ, ಹೊಸದು ತಗೊಳ್ಳಿ ಎಂದ. ಡಬ್ಬಿಯಲ್ಲಿದ್ದದ್ದು ಇಲಿ ಬೋನಿಗೆ ಸಾಲುವಷ್ಟು. ಆಗ ಚಿಂತಾಮಣಿ ರಸ್ತೆಯ ಸಾಹುಕಾರರೊಬ್ಬರು ಹೊಸ ಹಾರ್ಮೋನಿಯಂ ಕೊಡಿಸಲು ಮುಂದೆ ಬಂದರು. ಮುಂಭಾಗದಲ್ಲಿ ತಮ್ಮ ತಂದೆಯ ಹೆಸರು ಬರೆಸಬೇಕು, ತಮ್ಮ ಅಳಿಯ ಮುಂದಾಳಾಗಿ ಹಾಡಬೇಕು, ಇವೆರಡೇ ಷರತ್ತು. ನಮಗೆಲ್ಲ ಮನಸ್ಸು ಮೆತ್ತಗಾಗಿತ್ತು. ಖಜಾಂಚಿಗಳು ಮಾತ್ರ, “ಬೇಡ. ಪೆಟ್ಟಿಗೆ ಮೇಲೆ ಅವ್ರ ಹೆಸರು ಬಂದ್ರೆ, ನಾಳೆಯಿಂದ ಅವ್ರು ಹೇಳಿದ್ದೇ ಶ್ರುತಿ” ಎಂದರು. ಶ್ರುತಿಯ ವಿಷಯದಲ್ಲಿ ಅವರು ಆಡಿದ ಸರಿಯಾದ ಮಾತು ಅದೊಂದೇ ಇರಬೇಕು.

ಮತ್ತೆ ಹಣಕ್ಕೇನು ಮಾಡುವುದು? ಅವರು ರಸೀದಿ ಪುಸ್ತಕ ತೆರೆದು ಕೂತರು.

“ಎಲ್ರೂ ಮುಂಗಡ ದಂಡ ಕಟ್ಟಿ. ಮುಂದಿನ ಎರಡು ವರ್ಷ ನೀವು ಮಾಡಕ್ಕಿರೋ ಅಪಸ್ವರಕ್ಕೆ ಈಗ್ಲೇ ಕೊಟ್ಬಿಡಿ.”

“ನಾನು ಎರಡು ವರ್ಷ ತಪ್ಪೇ ಮಾಡಲ್ಲ ಅಂದ್ರೆ?” ಎಂದು ನಂಜುಂಡಪ್ಪ ಎದೆಯುಬ್ಬಿಸಿದರು.

“ವಾಪಸ್ ಕೊಡ್ತೀನಿ. ಆದ್ರೆ ನಿಮ್ಮ ಹಳೇ ಲೆಕ್ಕ ತೆಗೆದು ನೋಡಿದೀನಿ ನಂಜುಂಡಪ್ಪೋರೇ, ಅಂಥ ಅಪಾಯ ಏನೂ ಕಾಣ್ತಿಲ್ಲ.”

ಹಾಗೆ ನಾವು ಮಾಡದ ಪಾಪಕ್ಕೆ ಪ್ರಾಯಶ್ಚಿತ್ತ ಕಟ್ಟಿ ಹಾರ್ಮೋನಿಯಂ ತಂದೆವು. ಇವತ್ತಿಗೂ ನಾನು ನುಡಿಸುವುದು ಅದನ್ನೇ. ಹಾಡಲೇಬಾರದೆಂದು ಠರಾವಾಗಿದ್ದ ಖಜಾಂಚಿಗಳೂ ಎಲ್ಲರಷ್ಟೇ ಮುಂಗಡ ಕಟ್ಟಿದರು. “ನೀವ್ಯಾಕೆ?” ಎಂದು ಕೇಳಿದ್ದಕ್ಕೆ, “ಇರ್ಲಿ, ಯಾವತ್ತಾದ್ರೂ ಬೇಕಾಗುತ್ತೆ” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಆ ದಿನದಿಂದ ನನ್ನ ಕಣ್ಣು ಅವರ ಕಡೆಗೆ ಹೋಗತೊಡಗಿತು. ಹಾರ್ಮೋನಿಯಂ ಮುಂದೆ ಕೂತವನಿಗೆ ಬಾಗಿಲ ಪಕ್ಕದ ಕಂಬ ನೇರ ಎದುರು. ಸರೋಜಮ್ಮ ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನೇ ಎತ್ತಿ ಹೇಳುತ್ತಾರೆ. ಖಜಾಂಚಿಗಳ ತುಟಿ ಬಿಗಿದಿರುತ್ತಿತ್ತು, ಹೆಬ್ಬೆರಳು ಡಬ್ಬಿಯ ಮುಚ್ಚಳದ ಮೇಲೆ ಸದ್ದಿಲ್ಲದೆ ತಾಳ ಹಾಕುತ್ತಿತ್ತು. ಗಂಟಲು ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು, ನೀರು ನುಂಗುವವರ ಹಾಗೆ. ಎಷ್ಟೋ ಶನಿವಾರ ಅದನ್ನು ನೋಡಲಾಗದೆ ನಾನು ಕಣ್ಣು ಮುಚ್ಚಿ ನುಡಿಸಿದ್ದೇನೆ. ಮೇಷ್ಟ್ರು ತನ್ಮಯರಾಗಿಬಿಟ್ಟರು ಎಂದು ಜನ ಮೆಚ್ಚಿಕೊಂಡರು.

ಕಾಲ ಬದಲಾಯಿತು. ಜನರ ಜೇಬಿನಲ್ಲಿ ಚಿಲ್ಲರೆ ಇಲ್ಲದಂತಾಗಿ, ದಂಡವೂ ಫೋನಿನಲ್ಲಿ ಬರಬೇಕಾಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ರಮ್ಯ ಎಂಬ ಹುಡುಗಿ ಮಂಡಳಿಗೆ ಸೇರಿದ್ದಳು. ಅವಳೇ ಡಬ್ಬಿಗೆ ಕ್ಯೂಆರ್ ಕೋಡ್ ಅಂಟಿಸಿ, ಹಣ ಬಂದರೆ ಕೂಗಿ ಹೇಳುವ ಸಣ್ಣ ಪೆಟ್ಟಿಗೆಯೊಂದನ್ನು ಪಕ್ಕದಲ್ಲಿಟ್ಟಳು. ಮೊದಲನೇ ವಾರವೇ ಅದು ಸರೋಜಮ್ಮನವರ ನಿಧಾನದ ಹಾಡಿನ ನಟ್ಟನಡುವೆ, “ಐವತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಅರಚಿತು. ಹಾಡು ಮುಗಿದ ಮೇಲೆ ಖಜಾಂಚಿಗಳು ಪೆಟ್ಟಿಗೆಯ ಕಡೆ ತಿರುಗಿ ಬೆರಳು ತೋರಿಸಿದರು.

“ಇದಕ್ಕೂ ಎರಡು ರೂಪಾಯಿ.”

“ಅಂಕಲ್, ಅದು ಮೆಷಿನ್ನು!”

“ಆದ್ರೇನಮ್ಮಾ, ಬಾಯಿದೆಯಲ್ಲ. ತಂದೋರು ಕಟ್ಟಬೇಕು.” ರಮ್ಯ ನಗುತ್ತಾ ಕಟ್ಟಿದಳು. ಪೆಟ್ಟಿಗೆ, “ಎರಡು ರೂಪಾಯಿ ಸ್ವೀಕರಿಸಲಾಗಿದೆ” ಎಂದು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿತು.

ಕಳೆದ ವರ್ಷ ಅವರು ರಾಜೀನಾಮೆ ಕೊಟ್ಟರು. ಕಣ್ಣಿನ ಪೊರೆ, ಅಂಕಿ ಸರಿಯಾಗಿ ಕಾಣುವುದಿಲ್ಲ ಎಂದು ಕಾಗದದಲ್ಲಿತ್ತು. ಮಂಡಳಿಯು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ತಂದಿತು. ಶಾಲು ಹೊದಿಸಿದ ಕೂಡಲೇ ಅದರ ಬಿಲ್ ಕೇಳಿ ಇಸಿದುಕೊಂಡು, ತಮ್ಮ ಕೊನೆಯ ಖರ್ಚಾಗಿ ಬರೆದರು. ಆಮೇಲೆ ಡಬ್ಬಿ, ರಸೀದಿ ಪುಸ್ತಕ, ಬೀಗದ ಕೈ ಮೂರನ್ನೂ ರಮ್ಯಳಿಗೆ ಒಪ್ಪಿಸಿ ಸಹಿ ಪಡೆದರು. ಕಂಬದ ಹತ್ತಿರದಿಂದ ಎದ್ದರು. ಆದರೆ ಬಾಗಿಲ ಕಡೆ ಹೋಗಲಿಲ್ಲ. ನಡುವೆ ಬಂದು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಗಲಚೀಲದಿಂದ ಮಂಡಳಿಯ ಮೊದಲ ಠರಾವು ಪುಸ್ತಕವನ್ನು ತೆಗೆದರು. ಅದು ಕಳೆದುಹೋಗಿದೆ ಎಂದು ನಾನು ನೆಮ್ಮದಿಯಿಂದಿದ್ದೆ.

“ಇದು ಮೇಷ್ಟ್ರ ಅಕ್ಷರ. ನಂಗೆ ಕಾಣಲ್ಲ, ಆದ್ರೆ ಬಾಯಿಗೆ ಬರುತ್ತೆ” ಎಂದು ಪುಸ್ತಕ ಮುಚ್ಚಿಯೇ ಹೇಳಿದರು. “‘ಖಜಾಂಚಿಯಾದವರು ಆ ಸ್ಥಾನದಲ್ಲಿರುವವರೆಗೆ ಭಜನೆಯಲ್ಲಿ ಹಾಡತಕ್ಕದ್ದಲ್ಲ.’ ಈಗ ಗಂಟೆ ಏಳು ಕಾಲು. ಏಳಕ್ಕೆ ನಾನು ಖಜಾಂಚಿ ಸ್ಥಾನ ಬಿಟ್ಟಿದೀನಿ. ಆದ್ದರಿಂದ ಈ ಠರಾವು ನಂಗೆ ಅನ್ವಯ ಆಗಲ್ಲ. ಎಲ್ರೂ ಒಪ್ಪೋದಾದ್ರೆ, ಒಂದು ಹಾಡು ಹಾಡ್ತೀನಿ. ದಂಡ ಮುಂಗಡ ಕಟ್ಟಿದ್ದು ಹಂಗೇ ಇದೆ, ರಸೀದಿ ನೋಡ್ಕೋಬಹುದು.”

ನಾನು ನೆಲ ನೋಡಿದೆ. ನಂಜುಂಡಪ್ಪ ತಬಲ ಸುತ್ತಿಗೆ ಹುಡುಕುವ ನೆಪದಲ್ಲಿ ಬಗ್ಗಿದರು. ಎಲ್ಲರೂ ಕಾದದ್ದು ಸರೋಜಮ್ಮನವರ ಮಾತಿಗೆ. ಅವರು ಸೆರಗು ಸರಿಮಾಡಿಕೊಂಡು ಮುಂದಾಳಿನ ಜಾಗದಿಂದ ಒಂದು ಮಾರು ಹಿಂದೆ ಸರಿದು ಕೂತರು.

“ಶುರು ಮಾಡಿ ಖಜಾಂಚಿಗಳೇ.”

ಅವರು ತಾಯಿಯ ಹಾಡು ಎತ್ತಿಕೊಂಡರು. ಹಾರ್ಮೋನಿಯಂನ ಒಂದೊಂದು ಪಟ್ಟಿಯನ್ನು ನಮ್ಮಲ್ಲಿ ಮನೆ ಎನ್ನುತ್ತಾರೆ. ಅವತ್ತು ನಾನು ಅವರನ್ನು ಹುಡುಕಿಕೊಂಡು ಎಲ್ಲ ಮನೆಗೂ ಹೋದೆ, ಯಾವ ಮನೆಯಲ್ಲೂ ಅವರು ಸಿಗಲಿಲ್ಲ. ಎರಡು ಮನೆಯ ನಡುವಿನ ಓಣಿಯಲ್ಲೆಲ್ಲೋ ನಡೆಯುತ್ತಿದ್ದರು. ದನಿ ಮಾತ್ರ ಮೊದಲಿನಷ್ಟೇ ದೊಡ್ಡದು. ಇಪ್ಪತ್ತಾರು ವರ್ಷ ನುಂಗಿದ್ದು ಎಲ್ಲೂ ಹೋಗಿರಲಿಲ್ಲ.

ಭಜನೆಯ ನಿಯಮ ಒಂದಿದೆ. ಮುಂದಾಳು ಹೇಗೆ ಹೇಳುತ್ತಾನೋ ಹಿಂದಿನವರು ಹಾಗೆಯೇ ಹೇಳಬೇಕು, ತಿದ್ದಬಾರದು. ಮೊದಲ ಸಾಲು ಮುಗಿಯಿತು. ಈಗ ನಾವು ಹೇಳಬೇಕು. ಆಗ ಹಿಂದಿನಿಂದ ಒಂದೇ ಒಂದು ದನಿ ಬಂತು. ಸರೋಜಮ್ಮ, ಜನ್ಮದಲ್ಲಿ ಒಂದು ಸ್ವರ ತಪ್ಪದವರು, ಖಜಾಂಚಿಗಳ ಸಾಲನ್ನು ಅವರು ಹೇಳಿದ ಹಾಗೆಯೇ, ಅದೇ ಓಣಿಯಲ್ಲಿ ಅಷ್ಟೇ ನಿಖರವಾಗಿ ನಡೆದು ಹೇಳಿದರು. ಎರಡನೇ ಸಾಲಿಗೆ ಎಲ್ಲರೂ ಸೇರಿದೆವು. ನಾನು ಹಾರ್ಮೋನಿಯಂ ಮುಚ್ಚಿಟ್ಟು ಹಾಡಿದೆ. ದಾರಿಯಲ್ಲಿ ಹೋಗುತ್ತಿದ್ದವರು ಇಣುಕಿ ನೋಡಿ ಹೋದರು.

ಮುಗಿದ ಮೇಲೆ ಖಜಾಂಚಿಗಳು ಬೆವರು ಒರೆಸಿಕೊಂಡು ಸುತ್ತಲೂ ನೋಡಿದರು.

“ರಮ್ಯಮ್ಮಾ, ನಂದು ಮುಂಗಡದಲ್ಲಿ ಮುರ್ಕೋ. ಮಿಕ್ಕೋರ ಹತ್ರ ವಸೂಲಿ ಮಾಡು. ಯಾರನ್ನೂ ಬಿಡ್ಬೇಡ.”

ಸರೋಜಮ್ಮ ಎದ್ದು ಬಂದು ಡಬ್ಬಿಯಲ್ಲಿ ಎರಡು ರೂಪಾಯಿ ಹಾಕಿದರು. ಅವರ ಹೆಸರಿಗೆ ಹರಿದ ಮೊದಲ ದಂಡದ ರಸೀದಿ ಅದು. ಅದನ್ನು ಮಡಚಿ ಸೊಂಟದ ಚೀಲದೊಳಗೆ ಇಟ್ಟುಕೊಂಡರು.

ಮನೆಗೆ ಹೋಗುವಾಗ ನಾನು ಖಜಾಂಚಿಗಳ ಜೊತೆ ಸ್ವಲ್ಪ ದೂರ ನಡೆದೆ. ಹೇಗೆ ಕೇಳುವುದು ಎಂದು ಗೊತ್ತಾಗದೆ ಕೇಳಿಯೇಬಿಟ್ಟೆ: “ಆ ಠರಾವು ಯಾಕೆ ಬರೆದಿದ್ದು ಅಂತ ನಿಮಗೆ...”

“ಅಯ್ಯೋ ಮೇಷ್ಟ್ರೇ, ತಕ್ಕಡಿ ಮುಂದೆ ಜೀವಮಾನ ಕಳೆದೋನು ನಾನು. ಯಾರು ಯಾಕೆ ತಟ್ಟೆ ಮೇಲೆ ಬೆರಳಿಡ್ತಾರೆ ಅಂತ ತಿಳಿಯಲ್ವಾ?”

“ಮತ್ತೆ ಸುಮ್ನೆ ಸಹಿ ಮಾಡಿದ್ರಿ?”

“ಲೆಕ್ಕ ಹಾಕ್ದೆ. ನಾನು ಹಾಡಿದ್ರೆ ನೀವೆಲ್ಲ ಬಿಟ್ಟೋಗ್ತಿದ್ರಿ. ನಾನು ಸುಮ್ನಿದ್ರೆ ವಾರವಾರ ನಿಮ್ಮ ಹಾಡು ಕೇಳಬಹುದಿತ್ತು. ಲಾಭದ ವ್ಯಾಪಾರ.” ಸ್ವಲ್ಪ ದೂರ ಹೋದ ಮೇಲೆ ಹೇಳಿದರು: “ಚೆನ್ನಾಗಿತ್ತಾ?”

“ಎರಡು ರೂಪಾಯಿ ಸಾಲದು” ಎಂದೆ. ರಸ್ತೆಯಲ್ಲಿ ನಿಂತು ಜೋರಾಗಿ ನಕ್ಕರು. ಆ ನಗುವೂ ಶ್ರುತಿಯಲ್ಲಿರಲಿಲ್ಲ.

ಎರಡು ತಿಂಗಳ ಹಿಂದೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹನ್ನೊಂದನೇ ದಿನ ಸಂಜೆ ಮಂಡಳಿ ಅವರ ಮನೆಯಲ್ಲಿ ಹಾಡಿತು. ಕೊನೆಗೆ ಅವರ ತಾಯಿಯ ಹಾಡು ಹೇಳಬೇಕೆಂದಾಯಿತು. ಸರೋಜಮ್ಮ ತಮ್ಮಿಂದಾಗದು ಎಂದು ಕೈಯಾಡಿಸಿ ಹಿಂದೆ ಸರಿದು ಕೂತರು. ನಾನೇ ಎತ್ತಿಕೊಂಡೆ. ಹಾರ್ಮೋನಿಯಂ ಒತ್ತಿ, ಮನೆ ನೋಡಿ, ಸ್ವರ ಎಲ್ಲೂ ಜಾರದಂತೆ ಎರಡು ಸಾಲು ಹೇಳಿದೆ. ಜೀವಮಾನದಲ್ಲಿ ನಾನು ಅಷ್ಟು ಶುದ್ಧವಾಗಿ ಹಾಡಿರಲಿಲ್ಲ.

ಒಳಕೋಣೆಯ ಬಾಗಿಲಲ್ಲಿ ಕೂತಿದ್ದ ಅವರ ಹೆಂಡತಿ ತಲೆಯೆತ್ತಿದರು.

“ಅದು ಹಂಗಲ್ಲ ಮೇಷ್ಟ್ರೇ” ಎಂದರು ಮೆಲ್ಲಗೆ. “ಕಳೆದ ವರ್ಷ ನೀವು ಹಾಡ್ಸಿದ್ಮೇಲೆ ಮನೇಲಿ ದಿನಾ ಹಾಡ್ತಿದ್ರು. ಅದು ಹಂಗಲ್ಲ.”

ನಾನು ಕೈ ತೆಗೆದೆ. ಗೋಡೆಗೊರಗಿ ಕೂತಿದ್ದ ಸರೋಜಮ್ಮನವರ ಬೆರಳು ಮೇಲೆದ್ದಿತ್ತು. ನನ್ನ ಕಡೆಗೆ.

ಸಾವಿನ ಮನೆಯಲ್ಲಿ ಹಣ ಮುಟ್ಟುವಂತಿಲ್ಲವಾದ್ದರಿಂದ ಮುಂದಿನ ಶನಿವಾರದವರೆಗೆ ಕಾದು, ಗುಡಿಯ ಕೋಣೆಯಲ್ಲಿ ಡಬ್ಬಿಗೆ ಎರಡು ರೂಪಾಯಿ ಹಾಕಿದೆ. ರಮ್ಯ ಕಂಬಕ್ಕೊರಗಿ ಕೂತು ರಸೀದಿ ಬರೆದಳು. ಕಾರಣದ ಕಾಲಮ್ಮಿನ ಹತ್ತಿರ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿ, ಆಮೇಲೆ ಖಜಾಂಚಿಗಳ ಹಾಗೆಯೇ ಗಂಟಲು ಸರಿಮಾಡಿಕೊಂಡು ಬರೆದು ಹರಿದುಕೊಟ್ಟಳು. “ಶ್ರುತಿಗೆ ಸರಿಯಾಗಿ ಹಾಡಿದ್ದಕ್ಕೆ” ಎಂದಿದೆ.